ಗೆರೆಯಿಲ್ಲದ ಹೆಬ್ಬೆರಳು

ನಮ್ಮ ಮೇಡಂ ಅವರ ಬಲಗೈಯ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಯಲ್ಲಿ ಬಹಳ ಕಾಲ ಬಿದ್ದಿದ್ದ ಕಲ್ಲಿನಂತೆ ಅದು ನುಣ್ಣಗೆ ಹೊಳೆಯುತ್ತಿತ್ತು. ಶನಿವಾರ ಬೆಳಿಗ್ಗೆ ದಾಂಡೇಲಿಯ ಬಸ್ಸಿಳಿದು ಬಂದವರು ಹಳಿಯಾಳದ ನಮ್ಮ ಸ್ನಾತಕೋತ್ತರ ಕೇಂದ್ರದ ಬಾಗಿಲಲ್ಲಿ ನಿಂತು, ಗೋಡೆಗೆ ಜಡಿದ ಹಾಜರಾತಿ ಯಂತ್ರದ ಗಾಜಿನ ಮೇಲೆ ಆ ಬೆರಳನ್ನು ಒತ್ತುತ್ತಿದ್ದರು. ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. ಬೆರಳನ್ನು ಸೆರಗಿಗೆ ಒರೆಸಿ ಮತ್ತೊಮ್ಮೆ ಒತ್ತುವರು. ಮತ್ತೆ ಕೆಂಪು. ಆಮೇಲೆ ಯಂತ್ರವನ್ನೊಮ್ಮೆ ದುರುಗುಟ್ಟಿ ನೋಡಿ ತರಗತಿಗೆ ನಡೆಯುವರು.

ಒಂದು ಶನಿವಾರ ಕೇಂದ್ರದ ಸಂಯೋಜಕರು ಇದನ್ನು ನೋಡಿ ನಕ್ಕರು. "ಏನ್ರೀ ಮೇಡಂ, ಸೈಬರ್ ಪಾಠ ಕಲಿಸವ್ರ ಬೆರಳನ್ನ ಮಷೀನ್ ಒಲ್ಲೆ ಅಂತೈತಿ! ಕಳ್ಳರ ಬೆರಳು ಇದ್ದಂಗ ಐತಲ್ಲರಿ, ಗುರ್ತನ ಹತ್ತೂದಿಲ್ಲ."

ಮೇಡಂ ನಗಲಿಲ್ಲ. "ಕಳ್ಳರ ಬೆರಳಾಗ ಗೆರಿ ಇರ್ತಾವ್ರಿ ಸರ್. ಕೂಲಿ ಮಾಡಿದವರ ಬೆರಳಾಗ ಇರೂದಿಲ್ಲ."

ಈ ಮಾತನ್ನು ನಾನೇ ಕಿವಿಯಾರೆ ಕೇಳಿದೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಬರೆಯಲು ಕೂತಾಗ ಅನುಮಾನ ಬರುತ್ತಿದೆ. ಆ ಹೊತ್ತಿಗೆ ನಾನು ಬಾಗಿಲ ಬಳಿ ಇದ್ದೆನೋ, ಅಥವಾ ಊಟದ ಹೊತ್ತಿಗೆ ಗೆಳೆಯರು ಹೇಳಿದ್ದನ್ನು ಕೇಳಿ ನನ್ನದು ಮಾಡಿಕೊಂಡೆನೋ? ಯಾವುದನ್ನೇ ನಂಬುವ ಮೊದಲು 'ಇದು ನಿನಗೆ ಹೇಗೆ ಗೊತ್ತು' ಎಂದು ಕೇಳುವ ಚಾಳಿಯೊಂದನ್ನು ವಿಶ್ವವಿದ್ಯಾಲಯದ ಆ ಕೇಂದ್ರದಲ್ಲೇ ಹಚ್ಚಿಕೊಂಡೆ. ಅದು ಈಗ ನನ್ನ ನೆನಪಿನ ಮೇಲೆಯೇ ತಿರುಗಿಬಿದ್ದಿದೆ. ಆದರೆ ಸಿಟ್ಟಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅದು ಅಂದು ಹೇಗಿತ್ತೋ ಹಾಗೇ ಇದೆ.

ಮೇಡಂ ಜೋಯಿಡಾ ಕಡೆಯವರು. ಮನೆಮಾತು ಕೊಂಕಣಿ. ಚಿಕ್ಕಂದಿನಿಂದ ಕಾಲೇಜು ಮುಗಿಯುವ ತನಕ ತಾಯಿಯ ಜೊತೆ ಕೂತು ಗೋಡಂಬಿ ಬೀಜ ಒಡೆದವರು. ಆ ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಸುಟ್ಟು ಸುಟ್ಟು ಬೆರಳ ಗೆರೆಗಳನ್ನೇ ತಿಂದುಹಾಕುತ್ತದೆ. ಸುಟ್ಟ ಚರ್ಮ ಮತ್ತೆ ಬೆಳೆದರೆ ಗೆರೆಗಳೂ ವಾಪಸ್ಸು ಬರುತ್ತವೆ, ನಿಮ್ಮ ಮೇಡಂ ಕತೆ ಹೇಳಿದ್ದಾರೆ ಎಂದು ಒಬ್ಬ ವೈದ್ಯ ಗೆಳೆಯ ನನ್ನೊಡನೆ ವಾದ ಮಾಡಿದ. ಇರಬಹುದು. ಅವರ ಬೆರಳಿಗೆ ಬಂದಿರಲಿಲ್ಲ, ಅಷ್ಟು ನಾನು ನೋಡಿದ್ದೇನೆ.

ವಾರವಿಡೀ ಅವರು ದಾಂಡೇಲಿಯ ಒಂದು ಪ್ಲೈವುಡ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಿದ್ದರು. ಶನಿವಾರ ಮಾತ್ರ ಹಳಿಯಾಳಕ್ಕೆ ಬಂದು ನಮಗೆ, ಅಂದರೆ ಎಂ.ಬಿ.ಎ. ಎರಡನೆಯ ವರ್ಷದವರಿಗೆ, ಸೈಬರ್ ಅಪಾಯ ನಿರ್ವಹಣೆ ಎಂಬ ವಿಷಯ ಕಲಿಸುತ್ತಿದ್ದರು. ಅವರ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಈ ಅತಿಥಿಗೆ ಸಿಬ್ಬಂದಿ ಕೋಣೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಡಬ್ಬಿಯನ್ನು ಕಾರಿಡಾರಿನ ಕಿಟಕಿಯಲ್ಲಿ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು. ನಾವು ಯಾರಾದರೂ ಕುರ್ಚಿ ತಂದರೆ, "ಇಡ ಅಲ್ಲೇ. ಇವತ್ತ ಕುಂತ್ರ ನಾಳೆ ಅದನ್ನ ಉಪಕಾರ ಅಂತಾರ" ಎನ್ನುತ್ತಿದ್ದರು.

ಮೊದಲ ತರಗತಿಯಲ್ಲಿ ಪುಸ್ತಕ ತೆರೆಯಲಿಲ್ಲ. ಅಪಾಯ ಅಂದರೆ ಏನು ಎಂದು ಕೇಳಿದರು. ನಾವು ಪಾಠ ಓದಿಕೊಂಡು ಬಂದವರು. ಘಟನೆ ನಡೆಯುವ ಸಂಭವವನ್ನು ಅದರ ಪರಿಣಾಮದಿಂದ ಗುಣಿಸಬೇಕು ಎಂದು ಒಬ್ಬರ ಮೇಲೊಬ್ಬರು ಹೇಳಿದೆವು.

"ಭಾಳ ಚಲೋ. ಈಗ ಹೇಳ್ರಿ, ಯಾರ ಅಪಾಯ?"

ನಾವು ಪುಸ್ತಕದ ಪುಟ ತಿರುವಿದೆವು. ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ.

"ನಮ್ಮ ಕಾರ್ಖಾನ್ಯಾಗ ಗರಗಸಕ್ಕ ಮುಚ್ಚಳ ಇರಲಿಲ್ಲ. ಒಬ್ಬಾಂವನ ಬೆರಳು ಹೋತು. ಮ್ಯಾನೇಜರ್ ಏನ್ ಅಂದ? ಕೆಲಸದವನ ನಿಷ್ಕಾಳಜಿ. ಈ ಕಂಪ್ಯೂಟರಿನಾಗೂ ಅದ ಕತಿ. ಇಲ್ಲಿ ರಕ್ತಾ ಕಾಣೂದಿಲ್ಲ, ಅಷ್ಟ. ನನ್ನ ಕ್ಲಾಸಿನಾಗ 'ಬಳಕೆದಾರನ ತಪ್ಪು' ಅಂತ ಬರಿಯೂಕಿಂತ ಮೊದಲ, ಮುಚ್ಚಳ ಹಾಕೋದು ಯಾರ ಕೆಲಸ ಆಗಿತ್ತು ಅಂತ ಬರೀರಿ."

ಅವರ ಸಿಟ್ಟು ನಮಗೆ ಬೇಗ ಪರಿಚಯವಾಯಿತು. ಯಾರಾದರೂ ನೆಪ ಹೇಳತೊಡಗಿದರೆ ಕೈ ಎತ್ತಿ "ಪುರೋ" ಎನ್ನುವರು. ಕೊಂಕಣಿಯಲ್ಲಿ ಸಾಕು ಎಂದರ್ಥ. ಅಲ್ಲಿಗೆ ಮಾತು ಮುಗಿಯಬೇಕು. ಒಬ್ಬ ಹುಡುಗ ನಿಶ್ಚಿತಾರ್ಥವಾದ ಹುಡುಗಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದ. "ಲಗ್ನ ಆದಮ್ಯಾಲ ಆಕಿ ಸಿಟ್ಟಿಗೆದ್ದ್ರ ಬದಲಿ ಮಾಡ್ತೀಯೇನು?" ಎಂದು ಅವನನ್ನು ಎಲ್ಲರೆದುರಿಗೆ ಕೇಳಿದರು. ಅವನು ಕೆಂಪಾದ. ಅವರು ಮಾತ್ರ ನಗದೆ ಮುಂದಿನ ಸಾಲಿಗೆ ಹೋದರು.

ಕೇಂದ್ರದವರು ಆ ವರ್ಷ ವಿದ್ಯಾರ್ಥಿಗಳಿಗೆಂದು ಒಂದು ಜಾಲತಾಣ ಮಾಡಿಸಿದ್ದರು. ಸೂಚನೆ, ಅಂಕ, ಹಾಜರಾತಿ ಎಲ್ಲ ಅದರಲ್ಲೇ. ಒಳಗೆ ಹೋಗಲು ಪ್ರತಿಯೊಬ್ಬರ ನೋಂದಣಿ ಸಂಖ್ಯೆಯೇ ಪಾಸ್‌ವರ್ಡ್. ಆ ಸಂಖ್ಯೆಗಳೆಲ್ಲ ನಮ್ಮ ಹೆಸರುಗಳ ಪಕ್ಕದಲ್ಲಿ ಸೂಚನಾ ಫಲಕದ ಮೇಲೆ ರಾರಾಜಿಸುತ್ತಿದ್ದವು. ಬದಲಿಸಿಕೊಳ್ಳೋಣವೆಂದರೆ ಆ ಗುಂಡಿ ಒತ್ತಿದ ಕೂಡಲೇ ಪುಟ ಖಾಲಿಯಾಗುತ್ತಿತ್ತು. ಮೇಡಂ ಬಂದ ಮೊದಲ ವಾರವೇ ಸಂಯೋಜಕರಿಗೆ ಹೇಳಿದರು. ಮುಂದಿನ ವಾರವೂ ಹೇಳಿದರು.

"ಆತು ಬಿಡ್ರಿ ಮೇಡಂ, ಮಾಡಸೂಣು. ನಮ್ಮ ಹುಡುಗರ ಅಂಕ ನೋಡಾಕ ಯಾವ ರಶ್ಯಾದಾಂವ ಬರ್ತಾನ?"

"ರಶ್ಯಾದಾಂವ ಬರೂದು ಬ್ಯಾಡ್ರಿ. ಪಕ್ಕದ ಬೆಂಚಿನಾಂವ ಸಾಕು."

ಸಂಯೋಜಕರು ನಕ್ಕು ಒಳಗೆ ಹೋದರು. ಫಲಕ ಹಾಗೇ ಉಳಿಯಿತು.

ಆ ಅವಧಿಯಲ್ಲಿ ಮೇಡಂ ನಮಗೆ ಕೊಟ್ಟ ಮುಖ್ಯ ಕೆಲಸ ಒಂದೇ. ನಮ್ಮ ಮನೆ, ನಮ್ಮ ಊರಿನಲ್ಲಿ ಫೋನು, ಗುರುತಿನ ಚೀಟಿ, ಪಾಸ್‌ವರ್ಡುಗಳನ್ನು ಜನ ನಿಜವಾಗಿ ಹೇಗೆ ಬಳಸುತ್ತಾರೆ ಎಂದು ಎಲ್ಲರೆದುರು ಹೇಳಬೇಕು. "ಪುಸ್ತಕದಾಗಿಂದ ಕದ್ದು ತಂದ್ರ ಸೊನ್ನಿ. ಶಾಣ್ಯಾರಂಗ ಕಾಣಬೇಕಂತ ಸುಳ್ಳು ಹೇಳಿದ್ರೂ ಸೊನ್ನಿ. ಖರೇ ಹೇಳ್ರಿ. ಇಲ್ಲಿ ಯಾರೂ ನಗೂದಿಲ್ಲ."

ನಾನು ತೇರಗಾಂವದವನು. ನಮ್ಮೂರಿನ ಪ್ರತಿಯೊಬ್ಬರ ಗುರುತಿನ ಚೀಟಿಯೂ ಹಳಿಯಾಳದ ಒಬ್ಬ ಝೆರಾಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಊರಿನ ಹೆಸರಿನ ಕಡತದಲ್ಲಿ ಕೂತಿರುವುದನ್ನು ಹೇಳಿದೆ. ಮುಂಡಗೋಡದ ಪಾಳಾ ಕಡೆಯ ಹುಡುಗನೊಬ್ಬ, ತಮ್ಮ ಮನೆಯ ಎಲ್ಲರ ಒ.ಟಿ.ಪಿ.ಗಳೂ ಕಾಕಾನ ಫೋನಿಗೇ ಬರುತ್ತವೆ, ಕಾಕಾ ಸಿಟ್ಟಿನಲ್ಲಿದ್ದರೆ ಯಾರಿಗೂ ಗ್ಯಾಸ್ ಸಿಲಿಂಡರ್ ಬರುವುದಿಲ್ಲ ಎಂದ. ಮೇಡಂ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಲೂಸಿ ಎದ್ದಳು.

ಲೂಸಿ ಸಿದ್ದಿ ಸಮುದಾಯದ ಹುಡುಗಿ. ಹಳಿಯಾಳ ದಾಟಿ ಜೋಯಿಡಾ ಕಡೆಯ ಕಾಡಿನೊಳಗಿನ ಅವಳ ಊರಿನಿಂದ ಇಷ್ಟು ದೂರ ಓದಿದವಳು ಅವಳೊಬ್ಬಳೇ. ಹಳಿಯಾಳದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಲಿಯುತ್ತಿದ್ದಳು. ಅವತ್ತು ಸಂಯೋಜಕರೂ ನಮ್ಮ ಮಾತು ಕೇಳಲೆಂದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು.

"ನಮ್ಮ ಊರಾಗ ನೆಟ್‌ವರ್ಕ್ ಇಲ್ರಿ," ಎಂದು ಲೂಸಿ ಶುರುಮಾಡಿದಳು. "ಅದಕ್ಕ ನಮಗಿಂತ ನಮ್ಮ ಫೋನ್ ಜಾಸ್ತಿ ತಿರಗಾಡ್ತಾವು. ಮುಂಜಾನಿ ಬಸ್ಸಿಗೆ ಎಲ್ಲಾರ ಫೋನ್ ಒಂದ ಚೀಲದಾಗ ಹಾಕಿ ಕಂಡಕ್ಟರ್ ಕೈಯಾಗ ಕೊಡ್ತೇವ್ರಿ. ದಾಂಡೇಲಿ ಸ್ಟ್ಯಾಂಡಿನಾಗ ರೀಚಾರ್ಜ್ ಅಂಗಡಿಯಾಂವ ಇಳಿಸಿಕೋತಾನ. ಬಂದ ಮೆಸೇಜ್ ನೋಡ್ತಾನ. ಅರ್ಜೆಂಟ್ ಇದ್ದದ್ದಕ್ಕ ತಾನ ಉತ್ತರಾ ಹಾಕ್ತಾನ. ಸಂಜಿ ಬಸ್ಸಿಗೆ ಚೀಲ ವಾಪಸ್ ಊರಿಗೆ."

"ಲಾಕ್ ಹೆಂಗ ತಗೀತಾನ?"

"ಎಲ್ಲಾರದೂ ಒಂದ ಲಾಕ್ ರಿ. ಕುಡಗೋಲ." ಲೂಸಿ ಕರಿಹಲಗೆಯ ಮೇಲೆ ಒಂಬತ್ತು ಚುಕ್ಕಿ ಇಟ್ಟು, ಫೋನಿನ ಮೇಲೆ ಬೆರಳೆಳೆಯುವಂತೆ ಸೀಮೆಸುಣ್ಣ ಎಳೆದಳು. ಕುಡುಗೋಲಿನ ಆಕಾರ ಮೂಡಿತು. "ಮೊದಲ ಬ್ಯಾರೆ ಬ್ಯಾರೆ ಇಟ್ಟಿದ್ವಿ. ಅಂಗಡಿಯಾಂವಗ ನೆನಪ ಉಳೀಲಿಲ್ಲ. ಊರಾಗ ಕುಂತು ಮಾತಾಡಿ ಒಂದ ಮಾಡಿದ್ವಿ."

ತರಗತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ಸಂಯೋಜಕರು ನಕ್ಕರು. "ಶಭಾಷ್! ಹಂಗಾದ್ರ ಊರಿಗೆಲ್ಲಾ ಒಂದ ಚಾವಿ!"

ಮೇಡಂ ಅವರತ್ತ ತಿರುಗಿ ನೋಡಲಿಲ್ಲ. "ಇಷ್ಟ ದಿನದಾಗ ಏನರ ಕಳದೈತೇನ, ಲೂಸಿ?"

"ಇಲ್ರಿ. ಒಮ್ಮೆ ಒಂದ ಫೋನ್ ಬಿದ್ದು ಗಾಜ ಸೀಳ್ತು. ಕಂಡಕ್ಟರ್ ಅತ್ತಬಿಟ್ಟ. ನಮ್ಮ ಮುದಕಿ ಅವಗ ಸಮಾಧಾನ ಮಾಡಬೇಕಾತು."

"ಯಾರ್ಯಾರ ಕೈ ಹಾದು ಹೋಗ್ತೈತಿ, ಗೊತ್ತೈತಿ?"

"ಎಲ್ಲಾರ ಮಾರಿ ಗೊತ್ತೈತ್ರಿ."

ಮೇಡಂ ನಮ್ಮತ್ತ ತಿರುಗಿದರು. ಅವರ ಮಾತನ್ನು ನಾನು ಆಮೇಲೆ ಹಲವು ಸಲ ನೆನಪಿಸಿಕೊಂಡಿರುವುದರಿಂದ ಒಂದೆರಡು ಪದ ಬದಲಾಗಿದ್ದರೂ ಅರ್ಥ ಇದೇ. "ಇದು ಸುರಕ್ಷಿತ ಅಂತ ನಾ ಹೇಳಾಕತ್ತಿಲ್ಲ. ನಡುವ ಒಬ್ಬ ಕೆಟ್ಟಾಂವ ಬಂದ್ರ ಮುಗೀತು. ಆದ್ರ ತಮ್ಮ ಚೀಲ ಯಾರ ಕೈಯಾಗ ಐತಿ ಅಂತ ಈ ಊರಿಗೆ ಗೊತ್ತೈತಿ. ನಿಮ್ಮ ಚೀಲ ಯಾರ ಕೈಯಾಗ ಐತಿ? ಒಬ್ಬರರ ಹೇಳ್ರಿ ನೋಡೂಣು." ಲೂಸಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟರು.

ಭತ್ತದ ಕೊಯ್ಲಿನ ದಿನಗಳಲ್ಲಿ ಲೂಸಿ ಊರಿಗೆ ಹೋದಳು. ಅವಳು ಅಲ್ಲಿದ್ದಾಗಲೇ ಒಂದು ಬೆಳಿಗ್ಗೆ ಕೇಂದ್ರದ ಜಾಲತಾಣದ ಸೂಚನಾ ಪುಟದಲ್ಲಿ, ಎಲ್ಲರಿಗೂ ಕಾಣುವಂತೆ, ಒಂದು ಬರಹ ಬಂತು. ಸಂಯೋಜಕರ ಬಗ್ಗೆ, ಅವರ ಮನೆಯ ಹೆಂಗಸರ ಬಗ್ಗೆ. ಅದನ್ನು ಇಲ್ಲಿ ಬರೆಯುವ ಮನಸ್ಸಿಲ್ಲ. ಹೊಲಸಾಗಿತ್ತು. ಅದು ಬಂದದ್ದು ಲೂಸಿಯ ಖಾತೆಯಿಂದ.

ಆ ಹೊತ್ತಿಗೆ ಲೂಸಿ ಗದ್ದೆಯಲ್ಲಿದ್ದಳು. ಅವಳ ಫೋನು ಚೀಲದಲ್ಲಿ, ಚೀಲ ಬಸ್ಸಿನಲ್ಲಿ. ಇತ್ತ ಅವಳ ಪಾಸ್‌ವರ್ಡು ಹಳಿಯಾಳದ ಗೋಡೆಯ ಮೇಲೆ. ಆ ಬರಹ ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಮ್ಮ ತರಗತಿಯ ಯಾರಾದರೂ ಆಗಿರಬಹುದು, ಕಚೇರಿಯ ಯಾರಾದರೂ ಆಗಿರಬಹುದು. ನನಗೆ ಒಬ್ಬರ ಮೇಲೆ ಗುಮಾನಿಯಿದೆ. ಸಾಕ್ಷಿ ಇಲ್ಲ, ಆದ್ದರಿಂದ ಹೇಳುವುದಿಲ್ಲ. ಇಷ್ಟು ಸಂಯಮ ಸಂಯೋಜಕರಿಗೆ ಇದ್ದಿದ್ದರೆ ನಾನು ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಲೂಸಿಯನ್ನು ಪರೀಕ್ಷೆಗೆ ಕೂರಿಸಬಾರದು ಎಂಬ ಮಾತು ಎದ್ದಿತು. ವಿಚಾರಣೆಗೆಂದು ಒಂದು ಶನಿವಾರ ಸಭೆ ಕರೆದರು. ಸಂಯೋಜಕರು, ಇನ್ನಿಬ್ಬರು ಅಧ್ಯಾಪಕರು, ವಿಷಯ ಕಲಿಸುವವರೆಂದು ಮೇಡಂ, ತರಗತಿಯ ಪ್ರತಿನಿಧಿಯೆಂದು ನಾನು. ಲೂಸಿ ನಿಂತಿದ್ದಳು. ಕೂರು ಎಂದು ಯಾರೂ ಹೇಳಲಿಲ್ಲ. ಮೇಡಂ ಒಳಗೆ ಬಂದವರೇ ತಮ್ಮ ಕುರ್ಚಿಯನ್ನು ಅವಳ ಹಿಂದೆ ಸರಿಸಿ ತಾವು ನಿಂತರು. ಸಭೆ ಮುಗಿಯುವ ತನಕ ಅವರು ನಿಂತೇ ಇದ್ದರು, ಲೂಸಿಯೂ ಕೂರಲಿಲ್ಲ. ಇಬ್ಬರ ನಡುವೆ ಆ ಕುರ್ಚಿ ಖಾಲಿ ಇತ್ತು.

"ಇದರಾಗ ತನಿಖಿ ಮಾಡೂದು ಏನೈತಿ?" ಎಂದರು ಸಂಯೋಜಕರು. "ಊರಿಗೆಲ್ಲಾ ಒಂದ ಲಾಕ್ ಅಂತ ಈ ಹುಡುಗೀನ ತನ್ನ ಬಾಯಾರೆ ಹೇಳ್ಯಾಳ. ಕ್ಲಾಸಿನಾಗ ನಾನ ಕುಂತು ಕೇಳೇನಿ. ಒಂದೋ ಈಕಿ ಬರದಾಳ, ಇಲ್ಲಾ ಈಕಿ ಮಂದಿ ಯಾರೋ ಬರದಾರ. ಆ ಮಂದಿಗೆ ಇದೆಲ್ಲಾ ಎಲ್ಲಿ ತಿಳೀತೈತ್ರಿ, ಪಾಪ."

"ಪಾಪ ಅನಬ್ಯಾಡ್ರಿ," ಎಂದರು ಮೇಡಂ. ದನಿ ಏರಿರಲಿಲ್ಲ. ಅದು ಏರಿದ್ದರೆ ನಮಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. "ಚೀಲ ಬಸ್ಸಿನಾಗಿತ್ತು ಸರ್. ಪಾಸ್‌ವರ್ಡ್ ನಿಮ್ಮ ಗ್ವಾಡಿ ಮ್ಯಾಲಿತ್ತು. ಯಾವುದನ್ನ ಓದೂದು ಸಸಾರ?"

"ವಿಷಯ ಬದಲಿ ಮಾಡಬ್ಯಾಡ್ರಿ ಮೇಡಂ. ಲಾಕ್ ನಾಕ ಮಂದಿಗೆ ಹೇಳೂದು ನಿಮ್ಮ ಪುಸ್ತಕದ ಪ್ರಕಾರ ತಪ್ಪೋ ಅಲ್ಲೋ? ಅಷ್ಟ ಹೇಳ್ರಿ."

"ಪುಸ್ತಕದ ಪ್ರಕಾರ ತಪ್ಪು."

"ಹಾಂ, ಮತ್ತ!"

"ಪುಸ್ತಕದಾಗ ಟವರ್ ಐತ್ರಿ. ಆ ಊರಾಗ ಇಲ್ಲ."

ಒಬ್ಬ ಅಧ್ಯಾಪಕರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ವಿದ್ಯಾರ್ಥಿನಿಯ ನಿಷ್ಕಾಳಜಿಯಿಂದಲೇ ಹೀಗಾಯಿತು ಎಂಬ ನಿರ್ಣಯ ಮೊದಲೇ ಟೈಪಾಗಿ ಮೇಜಿನ ಮೇಲಿತ್ತು. ವಿಷಯತಜ್ಞರ ಸಹಿ ಒಂದು ಬಿದ್ದರೆ ಮುಗಿಯಿತು. ಸಂಯೋಜಕರು ಅದನ್ನು ಮೇಡಂ ಮುಂದೆ ತಳ್ಳಿದರು. ಮೇಡಂ ಮುಟ್ಟಲಿಲ್ಲ.

"ಮಾಡೂದಿಲ್ರಿ."

"ಸಹಿ ಬ್ಯಾಡಂದ್ರ ಹೆಬ್ಬಟ್ಟರ ಒತ್ರಿ," ಎಂದು ಸಂಯೋಜಕರು ನಕ್ಕರು.

ಮೇಡಂ ತಮ್ಮ ಬಲಗೈಯನ್ನು ಮೇಜಿನ ಮೇಲೆ ಚಾಚಿ, ಆ ನುಣ್ಣನೆಯ ಹೆಬ್ಬೆರಳನ್ನು ಅವರ ಮುಖದ ಕಡೆ ತಿರುಗಿಸಿದರು. "ಒತ್ತಲೇನ್ರಿ? ಯಾರದು ಅಂತ ಗುರ್ತ ಹತ್ತೂದಿಲ್ಲ. ನಿಮಗ ಬೇಕಾಗಿದ್ದೂ ಅಂಥಾದ ಅಲ್ಲೇನು?"

ಲೂಸಿಯನ್ನು ಇತ್ತೀಚೆಗೆ ಕೇಳಿದೆ. ಅವಳು ಹೇಳುವುದೇ ಬೇರೆ. ಮೇಡಂ ಬೆರಳು ತೋರಿಸಿದ್ದು ಹೌದಂತೆ, ಆದರೆ ಏನೂ ಮಾತಾಡಲಿಲ್ಲವಂತೆ. ತೋರಿಸಿ, ಕೈ ಹಿಂದೆ ತೆಗೆದುಕೊಂಡು, "ನಡೀ ಲೂಸಿ" ಎಂದು ಹೊರಬಿದ್ದರಂತೆ. ಹಾಗಾದರೆ ಆ ಮಾತನ್ನು ಕಟ್ಟಿದವನು ನಾನೇ ಇರಬೇಕು. ಇಷ್ಟು ವರ್ಷ ಸಿಟ್ಟನ್ನು ಹೊತ್ತು ತಿರುಗಿದವನಿಗೆ ಒಂದು ಒಳ್ಳೆಯ ಮಾತು ಬೇಕಾಗಿತ್ತೇನೋ. ಆದರೂ ಅದನ್ನು ಇಲ್ಲಿಂದ ತೆಗೆದುಹಾಕಲು ಕೈ ಬರುತ್ತಿಲ್ಲ. ಆಡದಿದ್ದರೂ ಅದು ಅವರದೇ ಮಾತು.

ಹೊರಗೆ ಮೆಟ್ಟಿಲ ಮೇಲೆ ಆಡಿದ್ದರ ಬಗ್ಗೆ ಮಾತ್ರ ನಮ್ಮಿಬ್ಬರ ನೆನಪೂ ಒಂದೇ ಇದೆ. ಮೇಡಂ ಅಲ್ಲಿ ಕೂತುಬಿಟ್ಟರು. ಅವರು ಆ ಕೇಂದ್ರದಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಖರೇ ಹೇಳು ಅಂತ ಅಂದಾಕಿ ನಾನ. ಕೇಳಾಕ ಯಾರು ಕುಂತಾರ ಅಂತ ನೋಡ್ಲಿಲ್ಲ. ಯಾರ ಅಪಾಯ, ಯಾರ ಅಪಾಯ ಅಂತ ನಿಮಗ ಬಡಕೊಂಡೆ. ನನ್ನ ಪಾಠದ ಅಪಾಯ ಯಾರ ಮ್ಯಾಲ ಬೀಳ್ತೈತಿ ಅಂತ ನಾನ ಲೆಕ್ಕಾ ಹಾಕ್ಲಿಲ್ಲ."

"ಹೋಗ್ಲಿ ಬಿಡ್ರಿ ಮೇಡಂ," ಎಂದಳು ಲೂಸಿ. "ಮುಂದಿನ ವರ್ಷ ಬರೀತೇನಿ."

"ಬಿಡೂದು? ನೀ ಬಿಡು. ನಾ ಬಿಡೂದಿಲ್ಲ."

ಬೇರೆ ಯಾರೋ ತಜ್ಞರ ಸಹಿ ಬಿತ್ತು. ಅಂಥವರು ಯಾವಾಗಲೂ ಸಿಗುತ್ತಾರೆ. ಲೂಸಿಗೆ ಆ ಸಲ ಪರೀಕ್ಷೆ ಇಲ್ಲವಾಯಿತು. ನಾವೆಲ್ಲ ಬರೆದೆವು, ಪಾಸಾದೆವು. ಮುಂದಿನ ಅವಧಿಗೆ ಮೇಡಂ ಹೆಸರು ಅತಿಥಿ ಉಪನ್ಯಾಸಕರಲ್ಲಿ ಇರಲಿಲ್ಲ. ಅವರು ಬಂದು ಕಾರಣ ಕೇಳಿದರು. ಸಿಕ್ಕ ಉತ್ತರವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹಾಜರಾತಿ ಯಂತ್ರದಲ್ಲಿ ಅವರ ಹೆಸರಿನ ಎದುರಿಗೆ ಒಂದೂ ಹಾಜರಿ ಇಲ್ಲ. ಯಂತ್ರದ ಪ್ರಕಾರ ಅವರು ಒಂದು ದಿನವೂ ಪಾಠ ಮಾಡಿಲ್ಲ. ಮಾಡದವರನ್ನು ಮುಂದುವರಿಸುವುದು ಹೇಗೆ?

ಇದನ್ನು ಹೇಳಿದವರ ಮುಖದಲ್ಲಿ ನಗುವೂ ಇರಲಿಲ್ಲವಂತೆ. ಆ ಬಾಗಿಲಲ್ಲಿ ಮೇಡಂ ಪ್ರತಿ ಶನಿವಾರ ಬೆರಳೊರೆಸಿ ಒರೆಸಿ ಒತ್ತುವುದನ್ನು ನೋಡಿ ನಕ್ಕವರೇ ಹಾಗೆ ಹೇಳಿದರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನನ್ನೆದುರು ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಆಮೇಲೆ ಶನಿವಾರಗಳು ದಾಂಡೇಲಿಯ ಬಸ್‌ಸ್ಟ್ಯಾಂಡಿಗೆ ವರ್ಗವಾದವು. ಲೂಸಿ ಊರಲ್ಲೇ ಇದ್ದಳು. ಬೆಳಗಿನ ಬಸ್ಸಿನಲ್ಲಿ ಫೋನುಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ತಾನೇ ಬರುವಳು. ರೀಚಾರ್ಜ್ ಅಂಗಡಿಯಲ್ಲಿ ಫೋನುಗಳೆಲ್ಲ ಒಟ್ಟಿಗೆ ಕೂಗತೊಡಗುತ್ತಿದ್ದವು. ಆ ಗದ್ದಲದ ನಡುವೆ ಸ್ಟೂಲಿನ ಮೇಲೆ ಕೂತು ಮೇಡಂ ಪಾಠ ಮಾಡುತ್ತಿದ್ದರು. ನನಗೆ ಆಗಷ್ಟೇ ದಾಂಡೇಲಿಯಲ್ಲಿ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಕೆಲವು ಶನಿವಾರ ನಾನೂ ಹೋಗಿ ನಿಲ್ಲುತ್ತಿದ್ದೆ.

"ಅರೇ ಮೇಡಂ, ನನ್ನ ದುಕಾನ್ ಕಾಲೇಜ್ ಮಾಡಿಬಿಟ್ರಲ್ಲ," ಎಂದು ಅಂಗಡಿಯವನು ರೇಗಿಸುವನು. "ಗಿರಾಕಿ ಬಂದವರು ಪರೀಕ್ಷಾ ಐತೇನೋ ಅಂತ ಅಂಜಿ ಹೊಂಟ ಹೋಗ್ತಾರ."

"ನಿನಗೂ ಪರೀಕ್ಷಾ ಐತಿ, ತಡಿ," ಎನ್ನುವರು ಮೇಡಂ. "ಮಂದಿ ಮೆಸೇಜ್ ಓದಿ ಬ್ಯಾರೆಯವರಿಗೆ ಹೇಳ್ತಿಯೇನು?"

"ತೋಬಾ, ತೋಬಾ. ಹೇಳಿದ್ರ ಆ ಊರ ಮುದಕಿಯರು ಬಸ್ ಹತ್ತಿ ಬಂದು ಹೊಡೀತಾರ್ರೀ."

ಮರುವರ್ಷ ಲೂಸಿ ಪರೀಕ್ಷೆ ಬರೆದಳು. ಬರೆದು ನೇರ ದಾಂಡೇಲಿಗೆ ಬಂದಳು. ಪಾಸ್‌ವರ್ಡ್ ಹಂಚಿಕೊಳ್ಳುವುದರ ಅಪಾಯವನ್ನು ಉದಾಹರಣೆ ಸಹಿತ ವಿವರಿಸಿ ಎಂಬ ಪ್ರಶ್ನೆ ಬಂದಿತ್ತಂತೆ.

"ಏನ್ ಬರದಿ?" ಎಂದರು ಮೇಡಂ.

"ಚೀಲದ್ದ ಬರದ್ನಿರಿ."

ಮೇಡಂ ಹಣೆ ಬಡಿದುಕೊಂಡರು. "ಹುಚ್ಚಿ! ಒಂದ ಸಲ ಸುಟ್ಟಿದ್ದು ಸಾಲಲಿಲ್ಲೇನ? ಪುಸ್ತಕದಾಗಿನ ಬ್ಯಾಂಕಿನ ಉದಾಹರಣಿ ಬರಿ ಅಂತ ಹೇಳಿರಲಿಲ್ಲೇನ ನಾ?"

"ಪುಸ್ತಕದಾಗಿಂದು ತಂದ್ರ ಸೊನ್ನಿ ಅಂತನೂ ನೀವ ಹೇಳಿದ್ರಿ."

ಮೇಡಂ ಎತ್ತಿದ ಕೈಯನ್ನು ಕೆಳಗಿಳಿಸಿದರು. ಅವರಿಗೆ ಯಾರಾದರೂ ಪುರೋ ಎಂದದ್ದು ನಾನು ಕಂಡದ್ದು ಅವತ್ತೇ, ಅದೂ ಆ ಶಬ್ದವನ್ನು ಬಳಸದೆ. ಲೂಸಿ ಪಾಸಾದಳು. ಈಗ ಅವಳದೇ ತಾಲ್ಲೂಕಿನಲ್ಲಿ ಒಂದು ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಳೆ. ಒಂದು ವರ್ಷ ತಡವಾಗಿ ಸಿಕ್ಕ ಕೆಲಸ. ಆ ವರ್ಷವನ್ನು ಅವಳಿಗೆ ಯಾರೂ ವಾಪಸ್ಸು ಕೊಟ್ಟಿಲ್ಲ, ಯಾರೂ ಕ್ಷಮೆ ಕೇಳಿಲ್ಲ.

ನಾನೂ ಈಗ ಶನಿವಾರಗಳಂದು ಮುಂಡಗೋಡಕ್ಕೆ ಹೋಗಿ ಅದೇ ವಿಷಯ ಕಲಿಸುತ್ತೇನೆ. ನಾನೂ ಅತಿಥಿಯೇ. ನನ್ನ ಬೆರಳನ್ನು ಅಲ್ಲಿನ ಯಂತ್ರ ಒಂದೇ ಸಲಕ್ಕೆ ಒಪ್ಪುತ್ತದೆ. ಪ್ರತಿ ಸಲ ಹಸಿರು ದೀಪ ಬಂದಾಗ ನನಗೆ ಮೈ ಉರಿಯುತ್ತದೆ. ಹುಡುಗರಿಗೆ ಅವರವರ ಮನೆಯ, ಊರಿನ ಮಾತು ಹೇಳಲು ಹಚ್ಚುತ್ತೇನೆ. ಖರೇ ಹೇಳ್ರಿ ಎನ್ನುತ್ತೇನೆ. ಆದರೆ ಅದಕ್ಕೂ ಮೊದಲು ಹಿಂದಿನ ಸಾಲುಗಳನ್ನು ನೋಡಿ, ಎದ್ದು ಹೋಗಿ ತರಗತಿಯ ಬಾಗಿಲು ಹಾಕಿ ಬರುತ್ತೇನೆ. ಆ ಒಂದು ಕೆಲಸವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಮೇಡಂ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಳಿಯಾಳದ ಕೇಂದ್ರದಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರಂತೆ. ಸಂಯೋಜಕರು 'ನಮ್ಮ ಕೇಂದ್ರದ ಹೆಮ್ಮೆ' ಎಂದು ಭಾಷಣ ಮಾಡಿದರಂತೆ. ಒಂದು ದಿನವೂ ಹಾಜರಿಲ್ಲದವರು ಅದು ಹೇಗೆ ಹೆಮ್ಮೆಯಾದರು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಆ ಸಭೆಗೆ ನಾನು ಹೋಗಲಿಲ್ಲ. ಹೋಗಿದ್ದರೆ ಕೇಳುತ್ತಿದ್ದೆ. ಕೇಳಬೇಕಿತ್ತು.

ಅವರು ಹೋದ ದಿನ ನಾನು ದಾಂಡೇಲಿಯ ಅವರ ಮನೆಯಲ್ಲಿದ್ದೆ. ಜೋಯಿಡಾದಿಂದ ಅವರ ಅಕ್ಕ ಬಂದಿದ್ದರು. ಯಾರ್ಯಾರಿಗೆ ಸುದ್ದಿ ಮುಟ್ಟಿಸಬೇಕೋ ಅವರ ಸಂಖ್ಯೆಗಳೆಲ್ಲ ಮೇಡಂ ಫೋನಿನಲ್ಲಿದ್ದವು. ಫೋನಿಗೆ ಬೀಗ. ಬೆರಳು ಒತ್ತಿಸಿ ನೋಡಿ ಎಂದರು ಪಕ್ಕದ ಮನೆಯವರು. "ಆಕಿ ಬೆರಳಿಗೆ ಅದು ಎಂದ ತಗದೈತ್ರಿ?" ಎಂದು ಅಕ್ಕ ಅತ್ತರು. ಕಾರ್ಖಾನೆಯಿಂದ ಬಂದವರು ಹುಟ್ಟಿದ ತಾರೀಖು, ತಾಯಿಯ ಹೆಸರು ಎಂದು ಏನೇನೋ ಊಹೆ ಮಾಡುತ್ತಿದ್ದರು. ಜಗತ್ತಿಗೆಲ್ಲ ಪಾಸ್‌ವರ್ಡಿನ ಪಾಠ ಹೇಳಿದವರ ಬೀಗ, ಅದು ನಮಗೆಲ್ಲಿ ಸಿಕ್ಕೀತು ಎಂದುಕೊಂಡೆ ನಾನು.

ಅಷ್ಟರಲ್ಲಿ ಲೂಸಿ ಬಂದಳು. ಸ್ವಲ್ಪ ಹೊತ್ತು ಮೇಡಂ ಪಕ್ಕ ಕೂತಳು. ಆಮೇಲೆ ಅಕ್ಕನ ಕೈಯಿಂದ ಫೋನು ತೆಗೆದುಕೊಂಡು, ಚುಕ್ಕಿಗಳ ಮೇಲೆ ಬೆರಳು ಎಳೆದಳು. ಮೇಲಿನಿಂದ ಬಾಗಿ, ಕೆಳಗಿಳಿದು, ಕುಡುಗೋಲಿನಂತೆ. ಬೀಗ ತೆರೆಯಿತು.

ಇದನ್ನು ನಾನು ಕಣ್ಣಾರೆ ನೋಡಿದೆ. ಇದರಲ್ಲಿ ಅನುಮಾನವಿಲ್ಲ. ಲೂಸಿಯನ್ನೂ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

"ನಿನಗ ಹೆಂಗ ಗೊತ್ತಾತ ತಂಗಿ?" ಎಂದು ಅಕ್ಕ ಕೇಳಿದರು.

"ಗೊತ್ತಿರಲಿಲ್ರಿ. ನಮ್ಮ ಊರಿನ ಲಾಕ್ ಹಾಕಿ ನೋಡಿದ್ನಿ."

ಮೇಡಂ ಫೋನಿನಿಂದ ಲೂಸಿ ಮಾಡಿದ ಮೊದಲ ಕರೆ ಬಸ್ಸಿನ ಕಂಡಕ್ಟರಿಗೆ. ಸಂಜೆಯ ಬಸ್ಸು ಹೊರಡುವುದರೊಳಗೆ ಅವನಿಗೆ ಹೇಳಬೇಕಿತ್ತು. ಆ ಊರಿಗೆ ಸುದ್ದಿ ಹೋಗಲು ಇವತ್ತಿಗೂ ಬೇರೆ ದಾರಿ ಇಲ್ಲ.